ರತ್ನಮ್ಮನಿಗೆ ನಾನು ಹೇಳದ ಮಾತು

ದೆವ್ವ ಕಂಡಿತು, ಸತ್ತವರು ಕನಸಿನಲ್ಲಿ ಬಂದು ಮಾತಾಡಿದರು, ಯಾರೂ ಇಲ್ಲದ ಕಡೆ ಹೆಜ್ಜೆ ಸಪ್ಪಳವಾಯಿತು ಎಂದು ಯಾರಾದರೂ ಶುರು ಮಾಡಿದರೆ ನಾನು ಎದ್ದು ಅಡುಗೆಮನೆಗೆ ಹೋಗುವ ಪೈಕಿ. ಇದರಿಂದ ಪಕ್ಕದ ಮನೆಯವರು ಎಷ್ಟೋ ಸಲ ಮುಖ ಊದಿಸಿಕೊಂಡಿದ್ದಾರೆ. ಯೋಗ ಕಲಿಸುವವಳು ಎಂದ ಕೂಡಲೆ ನನಗೆ ಏನೋ ಒಳಗಣ್ಣು ಇದೆ ಎಂದು ಜನ ಅಂದುಕೊಳ್ಳುತ್ತಾರೆ. ನನಗಿರುವುದು ಎರಡೇ ಕಣ್ಣು, ಅವಕ್ಕೂ ಕನ್ನಡಕ ಬೇಕು. ನಾನು ಕಲಿತದ್ದು ಕೀಲು, ಸ್ನಾಯು, ಉಸಿರು. ಕಲಿಸಿದ್ದೂ ಅಷ್ಟನ್ನೇ.

ಹಾಗಾಗಿ ಈಗ ಬರೆಯಹೊರಟಿರುವುದನ್ನು ಓದುತ್ತಾ ನೀವೂ ಎದ್ದು ನಿಮ್ಮ ಅಡುಗೆಮನೆಗೆ ಹೋದರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಆದರೆ ಇದು ನಡೆದದ್ದು ನನ್ನ ತರಗತಿಯಲ್ಲೇ, ಹಾಡಹಗಲಲ್ಲಿ, ಹೊರಗೆ ಬಿಸಿಲು ಸುಡುತ್ತಿದ್ದಾಗ. ಇದರಿಂದ ನನಗೆ ಹೆಸರೂ ಬರಲಿಲ್ಲ, ಪುಣ್ಯವೂ ಬರಲಿಲ್ಲ. ಬಂದದ್ದು ಬೈಗುಳ ಮಾತ್ರ.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಬೆಂಗಳೂರಿನ ಹೊರವಲಯದ ಒಂದು ಸಂಸ್ಥೆಯಲ್ಲಿ ನಾನು ರೋಗಿಗಳಿಗಾಗಿಯೇ ಇರುವ ಯೋಗದ ತರಬೇತಿ ಮುಗಿಸಿದ್ದೆ. ಕ್ಯಾನ್ಸರಿಗೆ ಆಪರೇಷನ್ ಮಾಡಿಸಿಕೊಂಡೋ ಕೀಮೋ ಔಷಧಿ ಹತ್ತಿಸಿಕೊಂಡೋ ಊರಿಗೆ ಬಂದವರಿಗೆ ಕೈ ಮೇಲೆತ್ತಲು ಆಗುವುದಿಲ್ಲ, ನಿದ್ದೆ ಹತ್ತುವುದಿಲ್ಲ, ಉಸಿರು ಅರ್ಧಕ್ಕೇ ನಿಲ್ಲುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಭಯ. ಅಂಥವರನ್ನು ಐದಾರು ಜನರಂತೆ ಕೂರಿಸಿಕೊಂಡು ಸಣ್ಣ ಸಣ್ಣ ಚಲನೆ, ಉಸಿರಾಟ, ಕೊನೆಯಲ್ಲಿ ಮಲಗಿಸಿ ಯೋಗನಿದ್ರೆ ಮಾಡಿಸುವುದು ನನ್ನ ಕೆಲಸ. ನಮ್ಮ ಮನೆ ಚಿಕ್ಕಬಳ್ಳಾಪುರದಲ್ಲಿ. ಅಲ್ಲಿಂದ ವಾರಕ್ಕೊಂದು ದಿನ ಚಿಂತಾಮಣಿಗೆ, ಒಂದು ದಿನ ಶಿಡ್ಲಘಟ್ಟಕ್ಕೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಗೌರಿಬಿದನೂರಿನಲ್ಲೂ ಪ್ರಯತ್ನಪಟ್ಟೆ, ಜನ ಸೇರಲಿಲ್ಲ. ಕ್ಯಾನ್ಸರ್ ಕ್ಲಾಸಿಗೆ ಹೋಗುತ್ತಾರೆ ಎಂದು ಗೊತ್ತಾದರೆ ಮನೆ ಹೆಣ್ಣುಮಕ್ಕಳಿಗೆ ಸಂಬಂಧ ಕೂಡಿಬರುವುದಿಲ್ಲ ಎಂದು ಒಬ್ಬರು ಮುಖಕ್ಕೇ ಹೇಳಿದರು.

ಯೋಗದಿಂದ ಕ್ಯಾನ್ಸರ್ ವಾಸಿಯಾಗುತ್ತದೆ ಎಂದು ನಾನು ಯಾವತ್ತೂ ಹೇಳಿದವಳಲ್ಲ. ಮೊದಲ ದಿನವೇ ಎಲ್ಲರಿಗೂ ಕಡ್ಡಿ ಮುರಿದಂತೆ ಹೇಳಿಬಿಡುತ್ತಿದ್ದೆ, ರೋಗ ನೋಡಿಕೊಳ್ಳುವವರು ಡಾಕ್ಟರು, ನಾನು ನಿಮ್ಮ ಸುಸ್ತು, ನಿದ್ದೆ, ಭಯ ಇಷ್ಟನ್ನು ಮಾತ್ರ ನೋಡಿಕೊಳ್ಳುವವಳು ಎಂದು. ತಲೆಯಾಡಿಸುತ್ತಿದ್ದರು. ಮನೆಗೆ ಹೋಗಿ ಮಾತ್ರೆಯನ್ನು ಕಿಟಕಿಯಾಚೆ ಎಸೆಯುವವರೂ ಅವರಲ್ಲಿ ಇದ್ದರು.

ಶಿಡ್ಲಘಟ್ಟದಲ್ಲಿ ಮೊದಲು ನಮಗೆ ಸಿಕ್ಕಿದ್ದು ರೇಷ್ಮೆ ನೂಲು ತೆಗೆಯುವ ಜಾಗದ ಮೇಲಿನ ಕೋಣೆ. ಗೂಡು ಬೇಯಿಸುವ ವಾಸನೆ ಆ ಊರಿನವರಿಗೆ ಗಾಳಿಯಿದ್ದ ಹಾಗೆ, ಆದರೆ ಔಷಧಿ ಹತ್ತಿಸಿಕೊಂಡ ಹೊಟ್ಟೆ ಅದನ್ನು ತಡೆಯದು. ಇಬ್ಬರು ವಾಂತಿ ಮಾಡಿಕೊಂಡ ಮೇಲೆ ಬೇರೆ ಜಾಗ ಹುಡುಕಿದೆವು. ಆಗ ಊರಾಚೆಯ ಒಂದು ಛತ್ರದ ಊಟದ ಹಾಲನ್ನು ಕೊಡಿಸಿದವರು ಚಂದ್ರಪ್ಪ. ಛತ್ರ ನೋಡಿಕೊಳ್ಳುವವರು ಅವರ ಷಡ್ಡಕ. ಈ ಚಂದ್ರಪ್ಪನವರ ಹೆಂಡತಿಯೇ ರತ್ನಮ್ಮ.

ಜಂಗಮಕೋಟೆಯವರು. ಹಿಪ್ಪುನೇರಳೆ ತೋಟ, ಹುಳು ಸಾಕಣೆ, ಎರಡು ಹಸು. ರತ್ನಮ್ಮನಿಗೆ ಐವತ್ತು ದಾಟಿರಲಿಲ್ಲ. ಚಿಕ್ಕಂದಿನಿಂದ ಎಲೆಅಡಿಕೆಯ ಜೊತೆ ಕಡ್ಡಿಪುಡಿ ಹಾಕುವ ಅಭ್ಯಾಸ, ಎಡಗೆನ್ನೆಯ ಒಳಗೆ ಗಡ್ಡೆ. ಹುಳಕ್ಕೆ ದಿನಕ್ಕೆ ಅಷ್ಟು ಸಲ ಸೊಪ್ಪು ಹಾಕಬೇಕಾದ್ದರಿಂದ ಅವರು ಪ್ರತಿ ವಾರ ಬರುತ್ತಿರಲಿಲ್ಲ. ಹುಳು ಪೊರೆ ಬಿಡುವ ಮೊದಲು ಮೇವು ಬಿಟ್ಟು ಸುಮ್ಮನೆ ತಲೆಯೆತ್ತಿ ಕೂರುತ್ತದೆ, ಅದನ್ನು ಅವರು ಜ್ವರ ಅನ್ನುತ್ತಾರೆ. "ಹುಳ ಜ್ವರಕ್ಕೆ ಕೂತವೆ ಮೇಡಂ, ಅದಕ್ಕೇ ಬಂದೆ" ಎಂದು ಬಾಗಿಲಲ್ಲೇ ಹೇಳಿ ಒಳಗೆ ಬರುತ್ತಿದ್ದರು. ನಗುವಾಗ ಸೆರಗಿನಿಂದ ಎಡಗೆನ್ನೆ ಮುಚ್ಚಿಕೊಳ್ಳುತ್ತಿದ್ದರು. ನನಗೆ ಆ ಗುಂಪಿನಲ್ಲಿ ಎಲ್ಲರಿಗಿಂತ ಹೆಚ್ಚು ಇಷ್ಟವಾದವರು ಅವರೇ, ಅದನ್ನು ಇಲ್ಲಿ ಮುಚ್ಚಿಡುವುದೇಕೆ.

ಅವರಿಗೆ ತಮಗಿರುವುದು ಕ್ಯಾನ್ಸರ್ ಎಂದು ಗೊತ್ತಿರಲಿಲ್ಲ.

ಇದು ನಮ್ಮ ಕಡೆಯ ಪದ್ಧತಿ. ಪರೀಕ್ಷೆಯ ಫಲಿತಾಂಶ ಬಂದಾಗ ಡಾಕ್ಟರು, "ಅಮ್ಮ, ನೀವು ಸ್ವಲ್ಪ ಆಚೆ ಕೂತಿರಿ" ಅನ್ನುತ್ತಾರೆ. ರೋಗ ಯಾರಿಗಿದೆಯೋ ಅವರು ಆಚೆ ಬೆಂಚಿನ ಮೇಲೆ ಕೂರುತ್ತಾರೆ, ಇಲ್ಲದವರು ಒಳಗೆ ಕೂತು ಕೇಳಿಸಿಕೊಳ್ಳುತ್ತಾರೆ. ಹೊರಗೆ ಬಂದು, "ಏನಿಲ್ಲ, ಹುಣ್ಣು ಅಷ್ಟೇ" ಅನ್ನುತ್ತಾರೆ. ಚಂದ್ರಪ್ಪನೂ ಅದನ್ನೇ ಮಾಡಿದ್ದರು. ರತ್ನಮ್ಮನನ್ನು ನನ್ನ ಹತ್ತಿರ ಕರೆತಂದ ದಿನ ನನ್ನನ್ನು ಬದಿಗೆ ಕರೆದು, ಇದು ಸುಸ್ತಿಗೆ, ನಿದ್ದೆಗೆ ಮಾಡಿಸುವ ಯೋಗ ಎಂದಷ್ಟೇ ಅವಳಿಗೆ ಹೇಳಿದ್ದೇನೆ, ಅವಳ ಮುಂದೆ ಆ ಹೆಸರು ಎತ್ತಬೇಡಿ ಎಂದು ಕೈಮುಗಿದರು. ಹೀಗಾಗಿ ನಮ್ಮ ಗುಂಪಿನಲ್ಲಿ ಎಲ್ಲರಿಗೂ ಎಲ್ಲರ ರೋಗವೂ ಗೊತ್ತು, ರತ್ನಮ್ಮನಿಗೆ ಮಾತ್ರ ತನ್ನದು ಗೊತ್ತಿಲ್ಲ. ಅವರು ಬಂದ ದಿನ ಎಲ್ಲರೂ ಸುಸ್ತು, ಗ್ಯಾಸು, ಮಂಡಿನೋವು ಎಂದು ಮಾತಾಡುತ್ತಿದ್ದರು. ಪಾಪ, ಮರ್ಯಾದಸ್ಥರು.

ಈ ಮರ್ಯಾದೆಯಿಂದ ಏನಾಯಿತು ಕೇಳಿ. ಬೆಂಗಳೂರಿನ ದೊಡ್ಡಾಸ್ಪತ್ರೆಯವರು ಬೇಗ ಬಂದು ಕರೆಂಟು ಇಡಿಸಿಕೊಳ್ಳಿ ಎಂದು ಹೇಳಿ ಕಳಿಸಿದ್ದರು. ರೇಡಿಯೇಷನ್ನಿಗೆ ನಮ್ಮ ಜನ ಹೇಳುವುದೇ ಹಾಗೆ, ಕರೆಂಟು. ರತ್ನಮ್ಮ ಸುತರಾಂ ಒಪ್ಪಲಿಲ್ಲ. ಅವರ ಮಾತಿನಲ್ಲಿ ತಪ್ಪೇನಿತ್ತು?

"ಹುಣ್ಣಿಗೆ ಯಾರಾನಾ ಕರೆಂಟು ಇಡಿಸ್ಕೊಂತಾರಾ ಮೇಡಂ? ನಮ್ಮೂರಾಗೆ ಒಬ್ಬಮ್ಮ ಇಡಿಸ್ಕೊಂಡು ಬಂದ್ಲು, ಮುಖ ಎಲ್ಲಾ ಕರಕಲಾಗಿತ್ತು. ಅವಳಿಗಾದ್ರೆ ಕ್ಯಾನ್ಸರು, ಇಡಿಸ್ಕೊಂಡ್ಲು. ನಂಗ್ಯಾಕೆ ಹೇಳಿ."

ಇದನ್ನು ಅವರು ನಮ್ಮೆಲ್ಲರ ಮಧ್ಯೆ ಕೂತು ಕೇಳಿದರು. ಒಬ್ಬರೂ ಬಾಯಿ ಬಿಡಲಿಲ್ಲ. ಗಡ್ಡೆ ಅವರ ಕೆನ್ನೆಯಲ್ಲಿ ಬೆಳೆಯುತ್ತಲೇ ಇತ್ತು, ಅದಕ್ಕೆ ಯಾರ ಮರ್ಯಾದೆಯೂ ಬೇಕಿರಲಿಲ್ಲ. ಹುಣ್ಣು ಎಂದು ನಂಬಿದ ಹೆಂಗಸಿಗೆ ಹುಣ್ಣಿನ ಚಿಕಿತ್ಸೆ ಸಾಕು ಅನ್ನಿಸುವುದು ನ್ಯಾಯವೇ ಅಲ್ಲವೆ? ಬಲವಂತ ಮಾಡಲು ಚಂದ್ರಪ್ಪನಿಗೆ ಕಾರಣ ಕೊಡಲಾಗುತ್ತಿರಲಿಲ್ಲ. ಕಾರಣ ಕೊಟ್ಟರೆ ಸುಳ್ಳು ಹೊರಬೀಳುತ್ತಿತ್ತು.

ನಾನು ಚಂದ್ರಪ್ಪನನ್ನು ಶಿಡ್ಲಘಟ್ಟದ ಬಸ್ ನಿಲ್ದಾಣದ ಪಕ್ಕದ ಟೀ ಅಂಗಡಿಯಲ್ಲಿ ಕೂರಿಸಿಕೊಂಡು ಜಗಳವನ್ನೇ ಆಡಿದೆ. ಹೇಳಿಬಿಡಿ, ಆಕೆ ಗಟ್ಟಿಗಿತ್ತಿ, ತಡೆದುಕೊಳ್ಳುತ್ತಾಳೆ, ಆದರೆ ಆ ಗಡ್ಡೆ ನಿಮಗಾಗಿ ಕಾಯುವುದಿಲ್ಲ ಎಂದೆ. ಆತ ಲೋಟ ತಿರುಗಿಸುತ್ತಾ ಕೂತಿದ್ದರು.

"ಹೆಸರು ಕೇಳಿದ್ರೆ ಅವತ್ತೇ ಎದೆ ಒಡ್ಕೊಂಡು ಹೋಗ್ತಾಳೆ ಮೇಡಂ. ನಮ್ಮತ್ತೆ ಹಂಗೇ ಹೋಗಿದ್ದು. ನೀವು ಯೋಗದಾಗೇ ಕರಗಿಸ್ಬಿಡಿ ಅದನ್ನ."

ನನಗೆ ಮೈಯೆಲ್ಲ ಉರಿದುಹೋಯಿತು. ಬರುವ ವಾರದೊಳಗೆ ನೀವು ಹೇಳದಿದ್ದರೆ ಅದರ ಮುಂದಿನ ವಾರ ನಾನೇ ಹೇಳುತ್ತೇನೆ ಎಂದು ಎದ್ದುಬಂದೆ. ಆತ ಹಿಂದೆಯೇ ಬಂದು, ನಾನೇ ಹೇಳ್ತೀನಿ, ದೇವರಾಣೆ ಹೇಳ್ತೀನಿ, ನೀವು ಮಾತ್ರ ಬಾಯಿ ಬಿಡಬೇಡಿ ಎಂದು ನನ್ನಿಂದ ಮಾತು ತೆಗೆದುಕೊಂಡರು. ಬರುವ ವಾರ ಮುಗಿಯುವವರೆಗೆ ಎಂದು ನಾನೂ ಒಪ್ಪಿದೆ. ಒಪ್ಪಿದ ಮೇಲೆ ಮುಗಿಯಿತು, ಮಾತಿಗೆ ತಪ್ಪುವವಳಲ್ಲ ನಾನು.

ಆ ಬರುವ ವಾರದ ಮಧ್ಯಾಹ್ನದ್ದೇ ಈ ಕಥೆ.

ಅವತ್ತು ಬಂದವರು ಮೂವರೇ. ರತ್ನಮ್ಮ, ಹುಳ ಜ್ವರಕ್ಕೆ ಕೂತಿದ್ದರಿಂದ. ಎರಡನೆಯವರು ಮೇಷ್ಟ್ರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು, ಕರುಳಿನ ಆಪರೇಷನ್ ಆಗಿತ್ತು, ಗ್ರಹಣದ ದಿನ ಬೇಕೆಂದೇ ಬೀದಿಯಲ್ಲಿ ನಿಂತು ಕಡಲೆಕಾಯಿ ತಿನ್ನುವಂಥ ಮನುಷ್ಯ. ಮೂರನೆಯವರು ಶಮೀಮಾ. ಸ್ತನದ ಆಪರೇಷನ್ ಆದಮೇಲೆ ಅವರಿಗೆ ನಿದ್ದೆಯೇ ಬರುತ್ತಿರಲಿಲ್ಲ. ನನ್ನ ಯೋಗನಿದ್ರೆಯ ಮಾತುಗಳನ್ನು ಮನೆಯಲ್ಲಿ ಕೇಳಿಕೊಂಡು ಮಲಗುತ್ತೇನೆ ಎಂದು ಮಗನ ಟೇಪ್ ರೆಕಾರ್ಡರ್ ತಂದಿದ್ದರು. ಅದನ್ನು ತಮ್ಮ ತಲೆಯ ಹತ್ತಿರ ಇಟ್ಟುಕೊಂಡು, ಕ್ಯಾಸೆಟ್ ಒಂದು ಬದಿ ಮುಗಿದರೆ ತಿರುಗಿಸಬೇಕೆಂದು ಎಚ್ಚರವಾಗಿಯೇ ಮಲಗಿದ್ದರು.

ಯೋಗನಿದ್ರೆ ಗೊತ್ತಿಲ್ಲದವರಿಗೆ ಹೇಳಬೇಕು. ಅಂಗಾತ ಮಲಗಿ ಕಣ್ಣು ಮುಚ್ಚಿರುತ್ತಾರೆ. ನಾನು ಕೂತು ಒಂದೊಂದೇ ಅಂಗದ ಹೆಸರು ಹೇಳುತ್ತೇನೆ. ಬಲಗೈ ಹೆಬ್ಬೆರಳು, ಅಂಗೈ, ಮುಂಗೈ ಎಂದು. ಮನಸ್ಸು ಆ ಜಾಗಕ್ಕೆ ಹೋಗಿ ಅದನ್ನು ಸಡಿಲ ಬಿಡಬೇಕು. ಮುಖಕ್ಕೆ ಬಂದಾಗ ಹಣೆ, ರೆಪ್ಪೆ, ಕೆನ್ನೆ. ರತ್ನಮ್ಮ ಇದ್ದಾಗಲೆಲ್ಲ ಕೆನ್ನೆ ಎನ್ನುವಾಗ ನನ್ನ ನಾಲಿಗೆ ತಡವರಿಸುತ್ತಿತ್ತು. ಕೊನೆಗೆ ಕೆಲವು ನಿಮಿಷ ಏನೂ ಮಾತಾಡದೆ ಅವರನ್ನು ಅವರ ಪಾಡಿಗೆ ಬಿಟ್ಟು, ಮತ್ತೆ ಉಸಿರಿನ ಕಡೆ ಕರೆದು ಎಬ್ಬಿಸುತ್ತೇನೆ.

ಅವತ್ತೂ ಅಷ್ಟೇ ಮಾಡಿದೆ. ಅಂಗಗಳು ಮುಗಿದವು, ನಾನು ಸುಮ್ಮನಾದೆ. ಫ್ಯಾನು ತಿರುಗುತ್ತಿತ್ತು. ಹೊರಗೆ ಯಾರೋ ಛತ್ರದ ಪಾತ್ರೆ ತೊಳೆಯುತ್ತಿದ್ದರು. ನಾನು ರತ್ನಮ್ಮನ ಮುಖ ನೋಡುತ್ತಾ ಕೂತಿದ್ದೆ. ಚಂದ್ರಪ್ಪ ಇನ್ನೂ ಹೇಳಿಲ್ಲ ಎಂದು ಆಕೆ ಒಳಗೆ ಬಂದಾಗಿನ ನಗುವಿನಿಂದಲೇ ಗೊತ್ತಾಗಿತ್ತು. ನನಗೆ ಕೋಪ ಬಂದಿತ್ತು, ದುಃಖವೂ ಆಗಿತ್ತು. ಹೇಳಬೇಕು ಎಂದು ಗಂಟಲವರೆಗೆ ಬಂದದ್ದು ನಿಜ. ಹೇಳಲಿಲ್ಲ ಎನ್ನುವುದೂ ಅಷ್ಟೇ ನಿಜ. ತುಟಿ ಬಿಗಿಹಿಡಿದು ಕೂತಿದ್ದೆ. ಆ ಮೌನದ ನಡುವೆ ರತ್ನಮ್ಮನ ತುಟಿ ಒಮ್ಮೆ ಅಲುಗಿತು. ನಿದ್ದೆಯ ಕನವರಿಕೆ ಎಂದುಕೊಂಡೆ.

ಎಬ್ಬಿಸಿದ ಮೇಲೆ ರತ್ನಮ್ಮ ಸೀರೆ ಸರಿಮಾಡಿಕೊಂಡು ಎದ್ದರು. ಚಾಪೆ ಸುತ್ತಿ ಗೋಡೆಗೆ ಒರಗಿಸಿ, ನನ್ನ ಎರಡೂ ಕೈ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತರು. "ಬರ್ತೀನಿ ಮೇಡಂ" ಅಂದರು. ಕೆನ್ನೆಯ ಮೇಲೆ ಸೆರಗಿರಲಿಲ್ಲ. ನನ್ನ ಜೊತೆ ಬಸ್ಸಿನವರೆಗೆ ನಡೆದುಬಂದ ಮೇಷ್ಟ್ರು, "ಒಳ್ಳೇ ಕೆಲಸ ಮಾಡಿದ್ರಿ ಕಣಮ್ಮ ಇವತ್ತು" ಎಂದರು. ತರಗತಿ ಚೆನ್ನಾಗಿತ್ತು ಅನ್ನುತ್ತಿದ್ದಾರೆ ಎಂದುಕೊಂಡು ನಾನು ಬಸ್ಸು ಹತ್ತಿದೆ.

ಮುಂದಿನ ವಾರ ಛತ್ರಕ್ಕೆ ಹೋದರೆ ಬಾಗಿಲಿಗೆ ಬೀಗ. ಮೆಟ್ಟಿಲ ಮೇಲೆ ಚಂದ್ರಪ್ಪ ಕೂತಿದ್ದರು. ನನ್ನನ್ನು ನೋಡಿ ಎದ್ದು ನಿಂತರು, ನಮಸ್ಕಾರ ಮಾಡಲಿಲ್ಲ.

"ಮಾತು ಕೊಟ್ಟು ಹಿಂಗ್ ಮಾಡ್ಬೋದಾ ನೀವು? ಓದಿದೋರು ಅಂತ ನಂಬಿದ್ನಲ್ಲ" ಎಂದರು.

ನನಗೆ ತಲೆಬುಡ ತಿಳಿಯಲಿಲ್ಲ. ಆಮೇಲೆ ಅವರ ಬೈಗುಳದ ಮಧ್ಯದಿಂದಲೇ ವಿಷಯ ಹೆಕ್ಕಿಕೊಂಡೆ. ಅವತ್ತು ರತ್ನಮ್ಮ ಮನೆಗೆ ಹೋದವರೇ ಹಸುವಿಗೆ ನೀರಿಟ್ಟು, ಕೈಕಾಲು ತೊಳೆದು, ಗಂಡನ ಎದುರು ಕೂತು, ತನಗಿರುವುದು ಕ್ಯಾನ್ಸರು, ಕರೆಂಟು ಇಡಿಸಿಕೊಳ್ಳಬೇಕು, ಕರೆದುಕೊಂಡು ಹೋಗ್ತೀಯೋ ಇಲ್ಲವೋ ಎಂದು ಕೇಳಿದ್ದಾರೆ. ಯಾರು ಹೇಳಿದ್ದು ಎಂದರೆ ಮೇಡಂ ಹೇಳಿದರು ಎಂದಿದ್ದಾರೆ. ಎಲ್ಲರೂ ಮಲಗಿದ್ದಾಗ, ಕಿವಿಯ ಹತ್ತಿರ ಬಂದು, ಮೆಲ್ಲಗೆ, ತೆಲುಗಿನಲ್ಲಿ. ಇದಿ ಪುಂಡು ಕಾದಮ್ಮಾ, ಕ್ಯಾನ್ಸರು. ಪೋಯಿ ಕರೆಂಟು ಪೆಟ್ಟಿಂಚುಕೋ. ಇದು ಹುಣ್ಣಲ್ಲಮ್ಮ, ಕ್ಯಾನ್ಸರು, ಹೋಗಿ ಕರೆಂಟು ಇಡಿಸಿಕೋ ಎಂದು.

ನನ್ನ ತವರು ಅರಸೀಕೆರೆ ಕಡೆ. ಮದುವೆಯಾಗಿ ಈ ಸೀಮೆಗೆ ಬಂದು ಇಷ್ಟು ವರ್ಷವಾದರೂ ನನಗೆ ತೆಲುಗು ಬಾರದು. ಸಂತೆಯಲ್ಲಿ ಬೆಲೆ ಕೇಳುವಷ್ಟು ಬರುತ್ತದೆ, ಅದಕ್ಕೂ ಮಾರುವವರು ನಗುತ್ತಾರೆ. ರತ್ನಮ್ಮನ ಮನೆಮಾತು ತೆಲುಗು, ನನ್ನ ಜೊತೆ ಯಾವಾಗಲೂ ಕನ್ನಡ. ಆ ಎರಡು ವಾಕ್ಯಗಳನ್ನು ಅವತ್ತಿನ ನನ್ನ ಬಾಯಲ್ಲಿ ಹೊರಡಿಸಿ ಎಂದು ಬಹುಮಾನ ಇಟ್ಟಿದ್ದರೂ ನನ್ನ ಕೈಲಿ ಆಗುತ್ತಿರಲಿಲ್ಲ. ಇದನ್ನು ಚಂದ್ರಪ್ಪನಿಗೆ ಹೇಳಿದೆ. ಆತ, ಈಗ ತೆಲುಗು ಬರಲ್ಲ ಅಂತ ಬೇರೆ ಶುರು ಮಾಡಿದಿರಾ ಎಂದರು.

ಆಗ ನನಗೆ ಕ್ಯಾಸೆಟ್ ನೆನಪಾಯಿತು. ಶಮೀಮಾ ಅವರ ಮನೆ ಛತ್ರದಿಂದ ಹತ್ತಿರವೇ. ಚಂದ್ರಪ್ಪನನ್ನು ಹೆಚ್ಚು ಕಡಿಮೆ ಎಳೆದುಕೊಂಡೇ ಹೋದೆ. ಶಮೀಮಾ ಟೇಪು ಹಾಕಿದರು. ನನ್ನ ದನಿ ಅಂಗಗಳ ಹೆಸರು ಹೇಳಿ ಮುಗಿಸಿತು. ಆಮೇಲೆ ಮೌನ. ಫ್ಯಾನು, ಪಾತ್ರೆಯ ಸದ್ದು, ದೂರದಲ್ಲೊಂದು ಲಾರಿ. ನಾನು ಚಂದ್ರಪ್ಪನ ಮುಖ ನೋಡುತ್ತಿದ್ದೆ, ಇನ್ನೇನು ನಾನು ಗೆದ್ದೆ ಎನ್ನುವ ಹಾಗೆ. ಅಷ್ಟರಲ್ಲಿ ಟೇಪಿನೊಳಗಿನ ಮೌನದಲ್ಲಿ ರತ್ನಮ್ಮನ ದನಿ ಕೇಳಿಸಿತು, ತೀರಾ ಸಣ್ಣಗೆ, ಆದರೆ ಸ್ಪಷ್ಟವಾಗಿ.

"ಸರೇ."

ತೆಲುಗಿನ ಸರೇ. ಆಯಿತು, ಹಾಗೇ ಮಾಡುತ್ತೇನೆ ಎನ್ನುವ ಸರೇ. ಹೇಳಿದವರಿಗೆ ಉತ್ತರ ಕೊಡುವ ದನಿ ಅದು. ಹೇಳಿದವರ ದನಿ ಮಾತ್ರ ಟೇಪಿನಲ್ಲಿ ಇರಲಿಲ್ಲ. ಟೇಪನ್ನು ಹಿಂದಕ್ಕೆ ಓಡಿಸಿ ನಾನು ಮತ್ತೊಮ್ಮೆ ಕೇಳಿದೆ. ಚಂದ್ರಪ್ಪ ಮಾತ್ರ ಕಿಂಚಿತ್ತೂ ಅಲ್ಲಾಡಲಿಲ್ಲ.

"ನಿಮ್ಮ ಮಾತು ಅಳಿಸ್ಬಿಟ್ಟು ಅವಳದ್ದು ಬಿಟ್ಟಿದೀರ" ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದರು.

ಶಮೀಮಾ ಆಣೆ ಇಟ್ಟು ಹೇಳಿದರು, ಆ ಹೊತ್ತಿನಲ್ಲಿ ಎಚ್ಚರವಾಗಿಯೇ ಇದ್ದೆ, ಒಮ್ಮೆ ಕಣ್ಣು ತೆರೆದು ನೋಡಿದೆ, ಮೇಡಂ ಕೂತಲ್ಲೇ ಕೂತಿದ್ದರು, ಬಾಯಿ ಬಿಡಲಿಲ್ಲ ಎಂದು. ನನಗೆ ಎಷ್ಟೋ ಸಮಾಧಾನವಾಯಿತು. ಆ ಸಮಾಧಾನದಲ್ಲೇ ಮೇಷ್ಟ್ರ ಮನೆಗೆ ಹೋದೆ. ಅವರು ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಪೇಪರು ಓದುತ್ತಿದ್ದರು. ಅವತ್ತು ಒಳ್ಳೇ ಕೆಲಸ ಮಾಡಿದ್ರಿ ಅಂದಿರಲ್ಲ, ಯಾವ ಕೆಲಸ ಎಂದು ಕೇಳಿದೆ. ರತ್ನಮ್ಮನ ವಿಷಯವಾಗಲಿ ಚಂದ್ರಪ್ಪನ ವಿಷಯವಾಗಲಿ ಎತ್ತಲಿಲ್ಲ.

"ಆ ಯಮ್ಮಂಗೆ ಹೇಳಿದ್ರಲ್ಲ, ಅದೇ. ನಾವ್ಯಾರೂ ಹೇಳೋ ಧೈರ್ಯ ಮಾಡ್ಲಿಲ್ಲ. ನಿಮ್ಮ ತೆಲುಗು ಅಷ್ಟು ಚೆನ್ನಾಗಿದೆ ಅಂತ ನಂಗೆ ಗೊತ್ತೇ ಇರಲಿಲ್ಲ" ಎಂದರು.

ನಾನು ಏನು ಹೇಳಿದೆ ಎಂದು ಕೇಳಿದೆ. ಮೇಷ್ಟ್ರು ಹೇಳಿದರು. ಅದೇ ಎರಡು ವಾಕ್ಯ. ಪುಂಡು ಕಾದಮ್ಮಾ ಎನ್ನುವಲ್ಲಿ ದನಿ ಸ್ವಲ್ಪ ಇಳಿಯಿತು ಎಂದು ಕೂಡ ಹೇಳಿದರು. ದನಿ ಯಾರದು ಎಂದರೆ, ನಿಮ್ಮದೇ ಅಲ್ಲವೇನಮ್ಮ ಎಂದು ನನ್ನನ್ನೇ ವಿಚಿತ್ರವಾಗಿ ನೋಡಿದರು. ಟೇಪಿನ ವಿಷಯ ಹೇಳಿದ ಮೇಲೆ ಪೇಪರು ಮಡಿಸಿಟ್ಟರು. ಇದನ್ನು ಯಾರ ಹತ್ತಿರವೂ ಹೇಳಿಕೊಂಡು ತಿರುಗಬೇಡಿ, ನಮ್ಮಿಬ್ಬರಿಗೂ ತಲೆ ಕೆಟ್ಟಿದೆ ಅನ್ನುತ್ತಾರೆ ಎಂದರು. ಅವರು ಇರುವವರೆಗೂ ಒಬ್ಬರಿಗೆ ಬಿಟ್ಟು ನಾನು ಯಾರಿಗೂ ಹೇಳಲಿಲ್ಲ.

ಬೆಂಗಳೂರಿನಲ್ಲಿ ನನಗೆ ಪರಿಚಯದ ಒಬ್ಬ ಮನೋವೈದ್ಯೆ ಇದ್ದರು. ಊರು ಹೆಸರು ಬಿಟ್ಟು ಅವರಿಗೆ ಎಲ್ಲ ವಿವರಿಸಿದೆ. ಅವರು ಬಹಳ ಸಲೀಸಾಗಿ ಬಿಡಿಸಿ ಹೇಳಿದರು. ರತ್ನಮ್ಮನಿಗೆ ಒಳಗೊಳಗೇ ಅನುಮಾನವಿತ್ತು, ಅರೆನಿದ್ದೆಯಲ್ಲಿ ಅದು ನಂಬಿಕೆಯವರ ದನಿಯಲ್ಲಿ, ತಾಯಿನುಡಿಯಲ್ಲಿ ಹೊರಬಂತು ಎಂದು. ಸರಿ, ಮೇಷ್ಟ್ರಿಗೆ? ಅವರಿಗೂ ಹೇಳಬೇಕೆಂಬ ಆಸೆ ಇತ್ತು ಎಂದರು. ಇಬ್ಬರಿಗೂ ಅದೇ ಮಾತು ಹೇಗೆ ಎಂದದ್ದಕ್ಕೆ, ಆಮೇಲೆ ಇಬ್ಬರೂ ಮಾತಾಡಿಕೊಂಡಿರುತ್ತಾರೆ ಎಂದರು. ಮಾತಾಡಿಕೊಂಡಿರಲಿಲ್ಲ. ರತ್ನಮ್ಮ ಅವತ್ತು ನೇರ ಬಸ್ಸಿಗೆ ಹೋದರು, ಮೇಷ್ಟ್ರು ನನ್ನ ಜೊತೆಯೇ ನಡೆದುಬಂದರು, ಮುಂದೆ ಅವರಿಬ್ಬರೂ ಭೇಟಿಯಾಗಲೇ ಇಲ್ಲ. ಇದನ್ನು ಹೇಳಿದಾಗ ಆಕೆ ಗಡಿಯಾರ ನೋಡಿಕೊಂಡರು.

ಶಿಡ್ಲಘಟ್ಟದ ತರಗತಿ ಅಲ್ಲಿಗೆ ನಿಂತಿತು. ಬೇರೆ ಯಾರೂ ಜಾಗ ಕೊಡಲಿಲ್ಲ. ರೋಗಿಗಳನ್ನು ಹೆದರಿಸುವ ಹೆಂಗಸು ಎಂದು ಹೆಸರಾಯಿತು. ಚಿಂತಾಮಣಿಯಲ್ಲಿ ಆದದ್ದು ಇನ್ನೂ ಚೆಂದ. ಸುದ್ದಿ ಕೈವಾರದ ಬಸ್ಸುಗಳಲ್ಲಿ ಕೈಕಾಲು ಬೆಳೆಸಿಕೊಂಡು ಅಲ್ಲಿಗೆ ಮುಟ್ಟಿತ್ತು. ಯಾರೋ ಒಬ್ಬರು ತಾಯಿಯನ್ನು ಎತ್ತಿಕೊಂಡು ಬಂದು, ಮಲಗಿಸಿ ಕಿವಿಯಲ್ಲಿ ಹೇಳುತ್ತೀರಂತಲ್ಲ, ಇವರಿಗೂ ಹೇಳಿ, ಎಷ್ಟು ದಿನ ಅಂತ ಎಂದರು. ಬೈದು ಕಳಿಸಿದೆ. ಆ ಮುದುಕಿಗೆ ಭುಜ ಹಿಡಿದುಕೊಂಡಿತ್ತು, ಸಡಿಲಿಸುವುದು ನನಗೆ ಗೊತ್ತಿತ್ತು, ಅದನ್ನು ಕೇಳುವವರು ಯಾರೂ ಇರಲಿಲ್ಲ. ಸ್ವಲ್ಪ ದಿನದಲ್ಲಿ ಆ ತರಗತಿಯನ್ನೂ ಬಿಟ್ಟೆ.

ರತ್ನಮ್ಮ ಗಂಡನಿಗೆ ಕಾಯಲಿಲ್ಲ. ತಂಗಿಯನ್ನು ಕರೆಸಿಕೊಂಡು ದೊಡ್ಡಾಸ್ಪತ್ರೆಗೆ ಹೋಗಿ ಕರೆಂಟು ಇಡಿಸಿಕೊಂಡರು. ಮುಂಚೆಯೇ ಬಂದಿದ್ದರೆ ಚೆನ್ನಾಗಿತ್ತು ಎಂದು ಅಲ್ಲಿ ಹೇಳಿದರಂತೆ. ಮುಂಚೆ ಎಂದರೆ ಯಾವಾಗ, ಆಚೆ ಬೆಂಚಿನ ಮೇಲೆ ಕೂರಿಸಿದಾಗಲೇ ಎಂದು ಕೇಳುವವರು ಯಾರು. ಬಾಯೆಲ್ಲ ಬೆಂದು, ಗಂಜಿಯನ್ನು ಕೊಳವೆಯಲ್ಲಿ ಕುಡಿದುಕೊಂಡು ಮನೆಗೆ ಬಂದರು. ಆದರೆ ಗಡ್ಡೆ ಕರಗಿತ್ತು. ಮತ್ತೆ ಹುಳು ಸಾಕಿದರು. ಒಳ್ಳೇ ಬೆಳೆ ಬಂತು ಎಂದು ತಂಗಿಯ ಕೈಯಲ್ಲಿ ನನಗೆ ಹೇಳಿ ಕಳಿಸಿದರು. ಆ ಒಂದು ವರ್ಷ ನಾನು ನಿಜಕ್ಕೂ ಸಂತೋಷವಾಗಿದ್ದೆ. ಬೈದವರು ಬೈಯಲಿ, ಆಕೆ ಸೊಪ್ಪು ಹಾಕುತ್ತಿದ್ದಾಳಲ್ಲ ಎಂದು.

ವರ್ಷ ಕಳೆದು ಸ್ವಲ್ಪ ದಿನಕ್ಕೆ ಅದು ಕುತ್ತಿಗೆಯಲ್ಲಿ ಮತ್ತೆ ಎದ್ದಿತು. ತಂಗಿ ಚಿಕ್ಕಬಳ್ಳಾಪುರಕ್ಕೇ ಬಂದು, ಅಕ್ಕ ನಿಮ್ಮನ್ನು ನೋಡಬೇಕಂತೆ ಅಂದಳು. ಆ ಮನೆಗೆ ಹೋಗುವುದು ನನಗೆ ಸುಲಭದ್ದಾಗಿರಲಿಲ್ಲ. ಹೋದೆ.

ಮಧ್ಯಾಹ್ನ. ನಡುಮನೆಯಲ್ಲಿ ಮಂಚದ ಮೇಲೆ ಇದ್ದರು, ಇಷ್ಟೇ ಇಷ್ಟಾಗಿದ್ದರು. ಚಂದ್ರಪ್ಪ ಬಾಗಿಲ ಹೊಸ್ತಿಲ ಮೇಲೆ ಕೂತಿದ್ದರು, ನನ್ನ ಕಡೆ ನೋಡಲಿಲ್ಲ. ಪಕ್ಕದ ಕೋಣೆಯಲ್ಲಿ ಹುಳು ಸೊಪ್ಪು ತಿನ್ನುವ ಸದ್ದು ಬರುತ್ತಿತ್ತು. ರತ್ನಮ್ಮನಿಗೆ ಮಾತು ಕಷ್ಟ, ಆದರೆ ಅರ್ಥವಾಗುತ್ತಿತ್ತು. ನಾನು ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡೆ. ಉಸಿರು ನೋಡಿದೆ. ಅಭ್ಯಾಸ, ಇನ್ನೇನು.

"ಇವ್ರು ಮತ್ತೆ ಏನೂ ಇಲ್ಲ ಅಂತಾವ್ರೆ" ಎಂದರು ಗಂಡನ ಕಡೆ ಕಣ್ಣು ಹೊರಳಿಸಿ. "ನೀವು ಹೇಳಿ ಮೇಡಂ. ಅವತ್ತು ಹೇಳಿದ್ರಲ್ಲ, ಹಂಗೇ."

ಕಣ್ಣು ಮುಚ್ಚಿಕೊಂಡು, ಎರಡೂ ಕೈ ಮೈಯಿಂದ ಸ್ವಲ್ಪ ದೂರ ಇಟ್ಟುಕೊಂಡು, ಅಂಗೈ ಮೇಲೆ ಮಾಡಿ ನಾನು ಕಲಿಸಿದ ಹಾಗೆಯೇ ಮಲಗಿದರು. ನಾನು ಬಾಯಿ ತೆರೆದೆ. ಅವತ್ತು ನಾನು ಹೇಳಲಿಲ್ಲ ರತ್ನಮ್ಮ ಎಂದು ಹೇಳಲೆ? ಇನ್ನು ಹೆಚ್ಚು ದಿನ ಇಲ್ಲ ಎಂದು ಹೇಳಲೆ? ಎರಡಕ್ಕೂ ನನ್ನಲ್ಲಿ ದನಿ ಹುಟ್ಟಲಿಲ್ಲ. ಅವತ್ತು ಕರೆಯದೆ ಬಂದು ನನ್ನ ದನಿಯಲ್ಲಿ ಮಾತಾಡಿದ್ದು ಯಾವುದೋ, ಅದು ಈಗಲೂ ಬರಲಿ ಎಂದು ಮನಸ್ಸಿನಲ್ಲೇ ಬೇಡಿದೆ, ನಂಬದವಳು ನಾನು. ಏನೂ ಕೇಳಿಸಲಿಲ್ಲ. ಹುಳು ತಿನ್ನುತ್ತಲೇ ಇದ್ದವು. ನನ್ನ ಬಾಯಿ ತೆರೆದಿತ್ತು, ಅಷ್ಟೇ.

ಸ್ವಲ್ಪ ಹೊತ್ತಾದ ಮೇಲೆ ರತ್ನಮ್ಮ ಕಣ್ಣು ತೆರೆದರು. ನನ್ನ ಕೈಯನ್ನು ಒಮ್ಮೆ ಒತ್ತಿದರು.

"ಸಾಕು ಮೇಡಂ" ಎಂದರು. "ಕೇಳಿಸ್ತು."

ಮುಖದಲ್ಲಿ ಭಯವಿರಲಿಲ್ಲ. ಏನು ಕೇಳಿಸಿತು ಎಂದು ಕೇಳುವಷ್ಟು ಧೈರ್ಯ ನನಗಿರಲಿಲ್ಲ, ಈಗ ಕೇಳೋಣವೆಂದರೆ ಆಕೆ ಇಲ್ಲ. ಒಂದು ವಾರವೂ ಇರಲಿಲ್ಲ.

ನಾನು ಎದ್ದು ಬಾಗಿಲಿಗೆ ಬಂದಾಗ ಚಂದ್ರಪ್ಪ ಹೊಸ್ತಿಲಿಂದ ಎದ್ದು ನಿಂತಿದ್ದರು. ಅಷ್ಟೂ ಹೊತ್ತು ಒಳಗೇ ಕಿವಿಗೊಟ್ಟು ಕೂತಿದ್ದ ಮನುಷ್ಯ. ಕಣ್ಣು ಕೆಂಪಾಗಿತ್ತು.

"ಈಗ ಅವಳಿಗೆ ಏನ್ ಹೇಳಿದ್ರಿ?" ಎಂದು ಕೇಳಿದರು.

"ಏನೂ ಹೇಳಲಿಲ್ಲ" ಎಂದೆ.

ಅದು ಸತ್ಯ. ಆತ ನಂಬಲಿಲ್ಲ. ನಂಬಿ ಎಂದು ಹೇಳಲು ನನಗೂ ಬಾಯಿ ಬರಲಿಲ್ಲ.